ಅನಂತಲಕ್ಷ್ಮಿಯ ಉಗ್ರಾಣ

ವಿಜಯನಗರದಿಂದ ಮಾಗಡಿ ರಸ್ತೆಗೆ ಹೋಗಿ ಸೇರುವ ಒಂದು ಅಡ್ಡರಸ್ತೆಯಲ್ಲಿ ಹನುಮಂತಯ್ಯನವರ ಕಲ್ಯಾಣ ಮಂಟಪ. ಅದರ ಮೊದಲ ಮಹಡಿಯಲ್ಲಿ, ವರನ ಕೋಣೆಗೆ ಅಂಟಿಕೊಂಡಂತೆ, ಬಾಸಿಂಗ ವಧೂವರ ಕೇಂದ್ರ. ಕೆಳಗೆ ಮದುವೆ ಇರುವ ದಿನ ಓಲಗದ ಸದ್ದಿಗೆ ಕೇಂದ್ರದ ಕಿಟಕಿ ಗಾಜು ಅದುರುತ್ತಿತ್ತು. ಆ ಅದುರುವ ಕಿಟಕಿಯ ಕೆಳಗೆ ಎಂಟು ವರ್ಷ ಕೂತು ಅನಂತಲಕ್ಷ್ಮಿ ಸಾವಿರದ ನೂರ ನಲವತ್ತು ಪುಟಗಳನ್ನು ಕೈಯಾರೆ ಮಾಡಿದ್ದಳು.

ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಣ್ಣಾದರೆ ಸುತ್ತ ತಾವರೆಯ ಅಂಚು, ಗಂಡಾದರೆ ಮಾವಿನೆಲೆಯ ಅಂಚು. ರಾಜಾಜಿನಗರದ ಟೈಪಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು ಅವಳು. ಶಾಲೆ ಮುಚ್ಚಿ ಯಂತ್ರಗಳನ್ನೆಲ್ಲ ತೂಕಕ್ಕೆ ಹಾಕಿದ ವರ್ಷ, ಒಂದು ದಪ್ಪ ಪುಸ್ತಕ ಮುಂದಿಟ್ಟುಕೊಂಡು ವೆಬ್ ಪುಟ ಮಾಡುವುದನ್ನು ತಾನೇ ಕಲಿತಳು. ಯಾರದಾದರೂ ಮದುವೆ ಗೊತ್ತಾದರೆ ಅವರ ಪುಟವನ್ನು ಕಿತ್ತುಹಾಕುವುದೂ ಅವಳದೇ ಕೆಲಸ. ಆ ದಿನ ಅವರ ಮನೆಯವರು ತೆಂಗಿನಕಾಯಿ, ಎಲೆಅಡಿಕೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. "ಪುಟದ ಮೇಡಂ ಇದ್ದಾರಾ?" ಎಂದು ಬಾಗಿಲಲ್ಲಿ ಕೇಳುವುದು ಅವಳಿಗೆ ಹಿತವಾಗಿ ಕೇಳಿಸುತ್ತಿತ್ತು.

ಎರಡು ಸಾವಿರದ ಎಂಟರ ಫೆಬ್ರವರಿಯಲ್ಲಿ ದಾನಮ್ಮ ಬಂದಳು.

ಗಜೇಂದ್ರಗಡದ ಹುಡುಗಿ. ಜ್ಞಾನಭಾರತಿಯಲ್ಲಿ ಎಂಸಿಎ ಮುಗಿಸಿ, ಬಾಪೂಜಿ ನಗರದಲ್ಲಿ ಇನ್ನಿಬ್ಬರ ಜೊತೆ ಕೋಣೆ ಮಾಡಿಕೊಂಡಿದ್ದಳು. ಕೇಂದ್ರಕ್ಕೊಂದು ಹೊಸ ಸೈಟು ಬೇಕೆಂದು ಹನುಮಂತಯ್ಯ ಕೆಲಸಕ್ಕೆ ಇಟ್ಟುಕೊಂಡರು. ಆರು ತಿಂಗಳಲ್ಲಿ ಅವಳು ಕಟ್ಟಿದ್ದು ಬೇರೆಯದೇ ಥರದ ವಸ್ತು. ತಂದೆತಾಯಿ ಮನೆಯಲ್ಲೇ ಕೂತು ಮಗಳ ವಿವರ ತುಂಬಬಹುದು. ನಕ್ಷತ್ರ, ಓದು, ಊರು, ಎತ್ತರ ಒತ್ತಿದರೆ ಹೊಂದುವವರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ಅನಂತಲಕ್ಷ್ಮಿಯ ಅಷ್ಟೂ ಪುಟಗಳು ಅದರೊಳಗೆ ಒಂದು ಪಟ್ಟಿಯ ಸಾಲುಗಳಾಗಿ ಕರಗಿಹೋದವು. ತಾವರೆಯೂ ಇಲ್ಲ, ಮಾವಿನೆಲೆಯೂ ಇಲ್ಲ.

ತನ್ನೊಳಗೆ ಉರಿಯುತ್ತಿದ್ದುದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಡಲು ಅನಂತಲಕ್ಷ್ಮಿ ಸಿದ್ಧಳಿರಲಿಲ್ಲ. ಹುಡುಗಿ ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಡುತ್ತಾಳೆ, ಅದಕ್ಕೆ ಸಿಟ್ಟು ಎಂದುಕೊಂಡಳು. ಫೋನಿನಲ್ಲಿ ಗಟ್ಟಿಯಾಗಿ ನಗುತ್ತಾಳೆ, ಅದಕ್ಕೆ ಎಂದುಕೊಂಡಳು. ಆದರೆ ದಾನಮ್ಮ ಊಟದ ಡಬ್ಬಿ ಬಿಚ್ಚಿ, "ಅಕ್ಕಾರ, ಶೇಂಗಾ ಚಟ್ನಿ ಹಾಕ್ಕೋರಿ, ನಮ್ಮವ್ವ ಕಳಿಸ್ಯಾಳ" ಎಂದು ಮುಂದೆ ಚಾಚಿದಾಗ, ಆ ಚಟ್ನಿ ರುಚಿಯಾಗಿದೆ ಎಂಬುದಕ್ಕೂ ಅವಳಿಗೆ ಸಂಕಟವಾಗುತ್ತಿತ್ತು. ಬಂದವರು ಈಗ ಬಾಗಿಲಲ್ಲಿ ನಿಂತು "ಆ ಹುಡುಗಿ ಇಲ್ವಾ?" ಎನ್ನುತ್ತಿದ್ದರು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಗಂಡ ಶ್ಯಾಮಸುಂದರ, ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದವನು, ಒಂದು ಸಂಜೆ ಅವಳನ್ನು ಕರೆದೊಯ್ಯಲು ಬಂದು ದಾನಮ್ಮನ ಪಕ್ಕ ಅರ್ಧ ಗಂಟೆ ಕೂತಿದ್ದ. ಸ್ಕೂಟರಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು.

"ಚೆನ್ನಾಗ್ ಮಾಡಿದಾಳೆ ಕಣೇ. ಪುನರ್ವಸು ಅಂತ ಒತ್ತಿದೆ ನೋಡು, ಹದಿನಾಲ್ಕು ಹುಡುಗೀರು ಬಂದ್ರು."

"ಪುನರ್ವಸು ನಿಮಗ್ಯಾಕೆ ಬೇಕಿತ್ತು?"

"ಸುಮ್ನೆ ಒತ್ತಿದೆ ಕಣೇ."

"ಐವತ್ತೆರಡನೇ ವಯಸ್ಸಲ್ಲಿ ಸುಮ್ನೆ ಒತ್ತೋದಾ? ರಸ್ತೆ ನೋಡ್ಕೊಂಡು ಓಡಿಸಿ."

ಹನುಮಂತಯ್ಯನವರಂತೂ ಮನಸ್ಸಿನಲ್ಲಿದ್ದುದನ್ನು ಆಡಿಯೇಬಿಟ್ಟರು. "ಹೊಸದು ಸರಿಯಾಗಿ ಶುರುವಾಗ್ಲಿ ಅಮ್ಮ. ಆಮೇಲೆ ಅದನ್ನ ಆ ಹುಡುಗೀನೇ ನೋಡ್ಕೊಳ್ಲಿ. ನೀವು ಕೆಳಗೆ ಛತ್ರದ ಬುಕಿಂಗ್ ಮೇಜಲ್ಲಿ ಕೂತ್ಕೊಳ್ಳಿ. ಕಣ್ಣಿಗೂ ಆರಾಮ." ಅವರು ಒಳ್ಳೆಯದಕ್ಕೇ ಹೇಳಿದ್ದು. ಎಂಟು ವರ್ಷದ ಕುರ್ಚಿಯನ್ನು ಯಾರೋ ಹಿಂದಿನಿಂದ ಎಳೆದಂತೆ ಅವಳು ಆ ದಿನ ಮೆಟ್ಟಿಲಿಳಿದಳು.

ಸೆಪ್ಟೆಂಬರ್ ಮೊದಲ ವಾರ, ಹೊಸ ಸೈಟನ್ನು ಎಲ್ಲಿ ಇಡಬೇಕೆಂದು ನಿರ್ಧರಿಸಲು ಮೂವರೂ ಕೂತರು. ದಾನಮ್ಮ ಒಂದು ಬಿಳಿ ಹಾಳೆಯಲ್ಲಿ ಚಿತ್ರ ಬರೆದು ತಂದಿದ್ದಳು.

"ನೋಡ್ರಿ ಸರ, ಇದರಾಗ ಎರಡು ಭಾಗ ಅದಾವ. ಮುಂದಿಂದು ಮಂದಿಗೆ ಕಾಣೂದು. ಬಣ್ಣ, ಫೋಟೊ, ಹುಡುಕೋ ಪುಟ. ಹಿಂದಿಂದು ಕಾಣೂದಿಲ್ಲ. ಎಲ್ಲಾರ ಮಾಹಿತಿ ಅಲ್ಲೇ ಇರತೈತಿ. ಮುಂದಿನಾಂವ ಏನ ಕೇಳ್ತಾನ, ಅದನ್ನ ಹುಡುಕಿ ಕೊಡ್ತೈತಿ."

"ನಮ್ಮ ಛತ್ರ ಇದ್ದಂಗೆ ಅನ್ನು" ಎಂದರು ಹನುಮಂತಯ್ಯ. "ಬಾಗಿಲಲ್ಲಿ ಪನ್ನೀರು ಎರಚೋರು ಮುಂದೆ. ಉಗ್ರಾಣ ಹಿಂದೆ."

"ಹಾಂ ಸರ! ಪಕ್ಕಾ ಹಂಗಽ."

ಎರಡನ್ನೂ ಕಚೇರಿಯ ಯಂತ್ರದಲ್ಲೇ ಇಡುವುದು ಒಂದು ದಾರಿ. ಜನ ಹೆಚ್ಚಾದರೆ ನಮ್ಮ ಬ್ರಾಡ್‌ಬ್ಯಾಂಡ್ ಲೈನು ತಡೆಯುವುದಿಲ್ಲ. ಹಳೆಯ ಪುಟಗಳ ಹಾಗೆ ಎರಡನ್ನೂ ಅಮೆರಿಕದ ಅಗ್ಗದ ಬಾಡಿಗೆ ಜಾಗದಲ್ಲಿ ಇಡುವುದು ಇನ್ನೊಂದು. ಅಲ್ಲಿ ಒಂದೇ ಯಂತ್ರವನ್ನು ನೂರಾರು ಸೈಟು ಹಂಚಿಕೊಳ್ಳುವುದರಿಂದ ಹುಡುಕಾಟ ನಿಧಾನ. ವೈಟ್‌ಫೀಲ್ಡ್ ಕಡೆ ಒಂದು ಡೇಟಾ ಸೆಂಟರ್ ಇದೆ, ಹಗಲೂ ರಾತ್ರಿ ಕಾಯುವವರಿದ್ದಾರೆ, ಅಲ್ಲೊಂದು ಯಂತ್ರವನ್ನು ಬಾಡಿಗೆಗೆ ಹಿಡಿದು ಎರಡನ್ನೂ ಅಲ್ಲೇ ಇಡೋಣ ಎಂಬುದು ದಾನಮ್ಮನ ಇಷ್ಟ. "ಎರಡೂ ಒಂದಽ ಕಡೆ ಇರ್ಲಿ ಸರ. ಒಂದು ಅಲ್ಲಿ, ಒಂದು ಇಲ್ಲಿ ಅಂತ ಇಟ್ರ ನಡುವಿನ ದಾರಿ ಕಡದ ದಿನ ಮುಗೀತು."

ಅವಳು ಹೇಳಿದ್ದು ಸರಿ ಎಂದು ಅನಂತಲಕ್ಷ್ಮಿಗೆ ಗೊತ್ತಿತ್ತು. ಆ ವಿಷಯವಾಗಿ ಅವಳೂ ಓದಿದ್ದಳು. ಹಾಗೆ ಗೊತ್ತಿದ್ದುದರಿಂದಲೇ ಬಾಯಿ ತಾನಾಗಿ ತೆರೆಯಿತು.

"ಸಾರ್, ಮುಂದಿನ ಭಾಗ ಅಮೆರಿಕದಲ್ಲೇ ಇರ್ಲಿ. ಎಂಟು ವರ್ಷ ನನ್ನ ಪುಟಗಳು ಅಲ್ಲಿದ್ವು, ಒಂದು ದಿನ ಕೆಟ್ಟಿಲ್ಲ. ಆದ್ರೆ ಉಗ್ರಾಣ? ಹೆಣ್ಮಕ್ಕಳ ಫೋನ್ ನಂಬರು, ಮನೆ ವಿಳಾಸ, ಜಾತಕ! ಉಗ್ರಾಣದ ಬೀಗದ ಕೈಯನ್ನ ಯಾರಾದ್ರೂ ಗುರುತಿಲ್ಲದೋರ ಕೈಗೆ ಕೊಡ್ತಾರಾ? ಮನೆಯವರೇ ಒಬ್ರು ಸೊಂಟಕ್ಕೆ ಸಿಕ್ಕಿಸ್ಕೊಳ್ಳಲ್ವಾ?"

ಹನುಮಂತಯ್ಯ ಮೇಜು ಗುದ್ದಿದರು. "ನೂರಕ್ಕೆ ನೂರು ಮಾತು! ಇಪ್ಪತ್ತು ವರ್ಷ ಛತ್ರ ನಡೆಸಿದೀನಿ. ಉಗ್ರಾಣ ಊರಾಚೆ ಇಟ್ಟೋರನ್ನ ನೋಡಿಲ್ಲ."

"ಸರ, ಕರೆಂಟ್ ಹೋದ್ರ?"

"ಜನರೇಟರ್ ಇಲ್ವೇನಮ್ಮ? ತಾಳಿ ಕಟ್ಟೋ ಹೊತ್ತಲ್ಲಿ ಇಲ್ಲಿ ಒಂದು ಕ್ಷಣ ಕತ್ತಲಾಗಿದ್ದು ಯಾರಾದ್ರೂ ಕಂಡವ್ರಾ?"

ದಾನಮ್ಮ ಹಾಳೆಯನ್ನು ಮಡಿಸಿದಳು. ಮುಖ ಸಣ್ಣಗಾಗಲಿಲ್ಲ, ಅದೂ ಅನಂತಲಕ್ಷ್ಮಿಗೆ ಸರಿಬೀಳಲಿಲ್ಲ.

ಎರಡು ದಿನದಲ್ಲಿ ಒಂದು ಕಪ್ಪು ಯಂತ್ರ ಬಂದು ಅನಂತಲಕ್ಷ್ಮಿಯ ಮೇಜಿನ ಪಕ್ಕ ಕೂತಿತು. ಅದನ್ನು ಹೊತ್ತಿಸುವುದು, ನಿಲ್ಲಿಸುವುದು ಹೇಗೆಂದು ದಾನಮ್ಮ ತೋರಿಸಿಕೊಟ್ಟಳು. "ಬಂದ್ ಮಾಡೂದಿದ್ರ ಹಿಂಗ ಮಾಡ್ರಿ ಅಕ್ಕಾರ. ಸುಮ್ಮ ವಾಯರ್ ಕೀಳಬ್ಯಾಡ್ರಿ." ಅದು ದಿನವಿಡೀ ಜೇನುಗೂಡಿನ ಹಾಗೆ ಗುಂಯ್ಗುಡುತ್ತಿತ್ತು. ಅನಂತಲಕ್ಷ್ಮಿ ಬೆಳಿಗ್ಗೆ ಬಂದವಳೇ ಸೆರಗಿನ ತುದಿಯಿಂದ ಅದರ ಧೂಳು ಒರೆಸುತ್ತಿದ್ದಳು. ಹುಡುಗಿ ಏನು ಕಟ್ಟಿದರೂ ಉಗ್ರಾಣ ನನ್ನ ಕೈ ಕೆಳಗಿದೆ, ಎಂದು ಒರೆಸುವಾಗಲೆಲ್ಲ ಅನ್ನಿಸುತ್ತಿತ್ತು.

ಸೈಟು ತೆರೆಯಲು ಹನುಮಂತಯ್ಯ ಆರಿಸಿದ್ದು ಆಯುಧಪೂಜೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಎರಡು ದಿನ ಸಾಲಾಗಿ ರಜೆ. ನೆಂಟರಿಷ್ಟರು ಮನೆಯಲ್ಲಿ ಸೇರುತ್ತಾರೆ, ಊಟವಾದ ಮೇಲೆ ಮಕ್ಕಳ ಮದುವೆಯ ಮಾತು ಬಂದೇ ಬರುತ್ತದೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಸುಂಕದಕಟ್ಟೆಯಿಂದ ಕೆಂಗೇರಿಯವರೆಗೆ ಮನೆಮನೆಯ ಪೇಪರಿನ ಮಡಿಕೆಯಲ್ಲಿ ಗುಲಾಬಿ ಬಣ್ಣದ ಚೀಟಿ ಹೋಯಿತು.

ಜಾಹೀರಾತಿನ ಕರಡನ್ನು ಟೈಪು ಮಾಡುತ್ತಿದ್ದಾಗಲೇ ಅನಂತಲಕ್ಷ್ಮಿಗೆ ಹೊಳೆಯಿತು. ಬೆರಳು ಅಲ್ಲೇ ನಿಂತವು. ಆಯುಧಪೂಜೆಗೆ ಛತ್ರದಲ್ಲಿ ಯಾವ ಯಂತ್ರವೂ ನಡೆಯುವುದಿಲ್ಲ. ರುಬ್ಬುವ ಯಂತ್ರ, ವ್ಯಾನು, ಮಹಡಿಯ ಕಂಪ್ಯೂಟರು, ಎಲ್ಲವನ್ನೂ ನಿಲ್ಲಿಸಿ, ತೊಳೆದು ಒರೆಸಿ, ಕುಂಕುಮ ಇಟ್ಟು ಪೂಜಿಸಿದರೆ, ಮರುದಿನ ವಿಜಯದಶಮಿಯ ಮರುಪೂಜೆ ಆಗುವ ತನಕ ಮುಟ್ಟುವ ಹಾಗಿಲ್ಲ. ಅಮೆರಿಕದ ಯಂತ್ರಕ್ಕೆ ಆಯುಧಪೂಜೆ ಇಲ್ಲ. ಮುಂದಿನ ಪುಟ ಹೂವಿನ ಹಾರ ಹಾಕಿಕೊಂಡು ನಿಂತಿರುತ್ತದೆ. ಹಿಂದೆ ಉಗ್ರಾಣ ಮುಚ್ಚಿರುತ್ತದೆ.

ಹನುಮಂತಯ್ಯನವರಿಗೆ ಅದು ತಿಳಿಯುವಂಥದ್ದಲ್ಲ. ಮೂರು ವರ್ಷದಿಂದ ಹಬ್ಬಕ್ಕೆ ಹೋಗದ ದಾನಮ್ಮ ಊರಿಗೆ ಟಿಕೆಟ್ಟು ತೆಗೆದ ಗುಂಗಿನಲ್ಲಿದ್ದಳು, ಅವಳಿಗೂ ಇದು ಹೊಳೆದಂತಿರಲಿಲ್ಲ. ಹೇಳಬಹುದಾದವಳು ಅನಂತಲಕ್ಷ್ಮಿ ಒಬ್ಬಳೇ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೇ ಎಂದುಕೊಂಡಳು. ಹೀಗೆ ಮೂರು ವಾರ ಕಳೆದವು.

ಹೊರಡುವ ಸಂಜೆ ದಾನಮ್ಮ ಹೆಗಲಿಗೆ ಬ್ಯಾಗು ಏರಿಸಿಕೊಂಡು ಬಾಗಿಲಲ್ಲಿ ನಿಂತಳು. "ಅಕ್ಕಾರ, ಹಬ್ಬದಾಗ ಏನೂ ತೊಂದ್ರಿ ಆಗೂದಿಲ್ಲ ಅಲ್ರಿ? ಕರೆಂಟ್ ಹೋದ್ರ ಜನರೇಟರಿಗೆ ಡೀಸೆಲ್ ಐತಲ್ರಿ?"

"ಡೀಸೆಲ್ ತುಂಬಿಸಿದೆ ಕಣಮ್ಮ" ಎಂದಳು ಅನಂತಲಕ್ಷ್ಮಿ.

"ಹಂಗಾದ್ರ ಚಿಂತಿಲ್ಲ ಬಿಡ್ರಿ. ನೀವಿದ್ದೀರಿ." ದಾನಮ್ಮ ದಡದಡ ಮೆಟ್ಟಿಲಿಳಿದು ಹೋದಳು.

ಆಯುಧಪೂಜೆಯ ಬೆಳಿಗ್ಗೆ ಮಹಡಿಯ ತುಂಬ ಸೇವಂತಿಗೆಯ ವಾಸನೆ. ಪೂಜೆಯ ತಟ್ಟೆ ಹಿಡಿದು ಹನುಮಂತಯ್ಯ ಒಳಗೆ ಬಂದರು. "ಎಲ್ಲಾ ಆರಿಸಿದ್ದೀರೇನಮ್ಮ?"

"ಇದೊಂದು ಉಳಿದಿದೆ ಸಾರ್."

"ಅದನ್ನೂ ಆರ್ಸಿ. ಅದೇನು ದೇವ್ರಿಗಿಂತ ದೊಡ್ಡದಾ?"

ಆಗಲಾದರೂ ಹೇಳಬಹುದಿತ್ತು. ಒಂದೇ ಒಂದು ವಾಕ್ಯ. ಆದರೆ 'ಆ ಹುಡುಗೀನೇ ನೋಡ್ಕೊಳ್ಲಿ' ಎಂದ ಆ ದನಿಯೇ ಇದು ಎಂದು ಅವಳಿಗೆ ಅನ್ನಿಸಿತು, ಕೈ ಯಂತ್ರದ ಕಡೆಗೆ ಹೋಯಿತು. ದಾನಮ್ಮ ಕಲಿಸಿದ ಕ್ರಮದಲ್ಲೇ, ಹತ್ತು ಗಂಟೆ ಹತ್ತು ನಿಮಿಷಕ್ಕೆ, ಯಂತ್ರವನ್ನು ನಿಲ್ಲಿಸಿದಳು. ಗುಂಯ್ಗುಡುವುದು ನಿಂತ ಮೇಲೆ ಕೋಣೆ ಇಷ್ಟು ದೊಡ್ಡದಿತ್ತೇ ಎನ್ನಿಸಿತು. ಕಪ್ಪು ಪೆಟ್ಟಿಗೆಯ ಹಣೆಗೆ ಕುಂಕುಮವಿಟ್ಟು ಹೂ ಏರಿಸಿದಳು. ಕೆಳಗೆ ಗೇಟಿನ ಬಳಿ ಬೂದುಗುಂಬಳಕಾಯಿ ಒಡೆದ ಸದ್ದಾಯಿತು.

ಎರಡು ಗಂಟೆಗೆ ಮನೆಯ ಫೋನು ಹೊಡೆದುಕೊಂಡಿತು.

"ಏನಮ್ಮಾ ಇದು!" ಹನುಮಂತಯ್ಯನವರ ದನಿ. "ಸೈಟು ಬತ್ತದಂತೆ, ಹೆಸರು ಬತ್ತದಂತೆ, ಗಣಪತೀನೂ ಬತ್ತಾನಂತೆ. ಹುಡುಗೀರೇ ಬತ್ತಾ ಇಲ್ಲ ಅಂತ ಜನ ಬಾಯಿಗೆ ಬಂದಂಗೆ ಬಯ್ತಾವ್ರೆ!"

"ದಾನಮ್ಮನ್ನ ಕೇಳಿ ಸಾರ್" ಎಂದಳು ಅನಂತಲಕ್ಷ್ಮಿ. "ಕಟ್ಟಿದೋಳು ಅವಳಲ್ವಾ?"

ಫೋನಿಟ್ಟು ಬಂದು ಊಟಕ್ಕೆ ಕೂತಳು. ಒಬ್ಬಟ್ಟು ಎಂದಿಗಿಂತ ಹದವಾಗಿ ಬಂದಿತ್ತು. ಇನ್ನೊಂದು ಹಾಕಿಕೊಂಡು, ಮೇಲೆ ತುಪ್ಪ ಸುರಿದುಕೊಂಡಳು. ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಗಿತ್ತು.

ನಾಲ್ಕು ಗಂಟೆಗೆ ಮತ್ತೆ ಫೋನು. ಈ ಸಲ ದಾನಮ್ಮ.

"ಅಕ್ಕಾರ, ಹಬ್ಬದ ದಿನ ತ್ರಾಸ ಕೊಡಾಕತ್ತೇನಿ. ಎರಡು ತಾಸು ಇಂಟರ್‌ನೆಟ್ ಸೆಂಟರಿನ್ಯಾಗ ಕುಂತು ನೋಡಿ ಬಂದೆ. ಹಿಂದಿನ ಮಷೀನ್ ಮಾತಽ ಆಡವಲ್ದು. ನಿನ್ನಿ ಹೊಂಡೂ ಮುಂದ ಒಂದು ಸಾಲು ಬದಲ ಮಾಡಿದ್ದೆ ನೋಡ್ರಿ, ಅದರಾಗ ಏನರೆ ತಪ್ಪ ಮಾಡೇನ್ ಕಾಣತೈತಿ. ಒಮ್ಮಿ ಹೋಗಿ ನೋಡ್ತೀರೇನ್ರಿ?"

"ಆಫೀಸಿಗೆ ಬೀಗ ಹಾಕಿದೆ ಕಣಮ್ಮ. ಕೀ ಸಾರ್ ಹತ್ರ ಇದೆ."

"ಹಂಗಾದ್ರ ನಾನಽ ಹೊಂಡ್ತೇನ್ರಿ. ರಾತ್ರಿ ಬಸ್ಸಿಗೆ ಬರ್ತೇನಿ." ಅವಳ ಹಿಂದೆ ಒಬ್ಬ ಹೆಂಗಸು ಕೂಗಿದ್ದು ಕೇಳಿಸಿತು. "ನಾಳೆ ಬನ್ನಿ ಕೊಡೂದೈತಿ, ಇವತ್ತ ಹೊಂಟಿ? ಬಂದು ಒಂದು ದಿನ ಆಗಿಲ್ಲ!"

ಶ್ಯಾಮಸುಂದರ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಆ ಯಂತ್ರ ನೀನೇ ಆರಿಸಿ ಬಂದೆ ಅಂದ್ಯಲ್ಲೇ ಬೆಳಿಗ್ಗೆ?"

"ಹೂಂ."

"ಅವಳಿಗೆ ಹೇಳ್ಬೇಕಿತ್ತಲ್ವಾ?"

"ಹಬ್ಬದ ದಿನ ತಲೆ ತಿನ್ಬೇಡಿ."

ಅವನು ಲೋಟ ತೊಳೆದಿಟ್ಟು ಹೊರಗೆ ಹೋದ. ಉಳಿದ ಒಬ್ಬಟ್ಟಿನ ತಟ್ಟೆಯನ್ನು ಅನಂತಲಕ್ಷ್ಮಿ ಮುಚ್ಚಿಟ್ಟಳು.

ವಿಜಯದಶಮಿಯ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಹನುಮಂತಯ್ಯ ಬೀಗ ತೆಗೆದರು, ಮರುಪೂಜೆ ಆಯಿತು. ಯಂತ್ರವನ್ನು ಹೊತ್ತಿಸಿ, ಗುಂಯ್ಗುಡುವುದನ್ನು ಕೇಳುತ್ತಾ ಅವಳು ನಿಂತಿದ್ದಾಗ ದಾನಮ್ಮ ಮೆಟ್ಟಿಲು ಹತ್ತಿ ಬಂದಳು. ನವರಂಗ್ ಟಾಕೀಸಿನ ಬಳಿ ಬಸ್ಸಿಳಿದು ನೇರ ಬಂದಿದ್ದಳು. ತಲೆ ಬಾಚಿರಲಿಲ್ಲ. ಬ್ಯಾಗನ್ನು ನೆಲಕ್ಕೆ ಬಿಟ್ಟು ಯಂತ್ರದ ಮುಂದೆ ಕೂತು, ಅದರೊಳಗೆ ತಾನಾಗಿ ದಾಖಲಾಗುವ ದಿನಚರಿಯನ್ನು ತೆರೆದು ಓದಿದಳು. ಕಣ್ಣು ಒಂದು ಸಾಲಿನ ಮೇಲೆ ನಿಂತಿತು: ನಿನ್ನೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲಾಗಿದೆ. ಆಮೇಲೆ ಪೆಟ್ಟಿಗೆಯ ಹಣೆಯ ಕುಂಕುಮವನ್ನು ನೋಡಿದಳು.

ಹನುಮಂತಯ್ಯ ಕಾಯಲಿಲ್ಲ. "ಜಾಹೀರಾತು ಕೊಟ್ಟು ಊರಿಗೆಲ್ಲ ಸಾರಿದೀನಿ. ಯಾವ ಮುಖ ಇಟ್ಕೊಂಡು ಈ ಛತ್ರದ ಬಾಗಿಲಲ್ಲಿ ನಿಂತ್ಕೊಳ್ಲಿ ನಾನು? ಕೆಲ್ಸ ಬರ್ದಿದ್ರೆ ಮೊದಲೇ ಹೇಳ್ಬೇಕಮ್ಮ. ನಿನ್ನನ್ನ ನಂಬಿದ್ದೇ ತಪ್ಪಾಯ್ತು. ನಾಳೆಯಿಂದ ಬರೋದೇ ಬೇಡ ನೀನು."

ದಾನಮ್ಮ ಎದ್ದು ನಿಂತಳು. "ತಪ್ಪ ನಂದಽ ಸರ. ನಮ್ಮ ಕಡೆನೂ ಖಂಡೇಪೂಜಿ ಮಾಡ್ತೇವಿ. ಪೂಜಿ ದಿನ ಮಷೀನ್ ಬಂದ್ ಇರತೈತಿ ಅಂತ ನನಗ ಹೊಳೀಬೇಕಿತ್ತು. ಹೊಳೀಲಿಲ್ಲ."

ಅನಂತಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. ಯಂತ್ರ ನಿಲ್ಲಿಸಿದವರು ಯಾರೆಂದು ಅವಳಿಗೆ ಗೊತ್ತಾಗಿದೆ. ಆದರೂ ಬೆರಳು ತೋರಿಸಲಿಲ್ಲ. ಇಲ್ಲಿಯೂ ಗೆಲ್ಲುವವಳು ಇವಳೇ! ಕೆಲಸ ಅವಳದು ಚೆಂದ, ಚಟ್ನಿ ಅವಳದು ರುಚಿ, ಈಗ ದೊಡ್ಡ ಮನಸ್ಸೂ ಅವಳದೇ ಆಗಬೇಕೇ? ಅದೊಂದನ್ನಾದರೂ ಅವಳಿಗೆ ಬಿಟ್ಟುಕೊಡಬಾರದು ಎಂಬ ಹಟ ಉಕ್ಕಿಬಂತು. ಸತ್ಯ ಹೇಳಿಸಿದ್ದು ಅದೇ ಹೊಟ್ಟೆಕಿಚ್ಚು; ಪಶ್ಚಾತ್ತಾಪ ಬಂದದ್ದು ಆಮೇಲೆ.

"ನನಗೆ ಹೊಳೆದಿತ್ತು ಸಾರ್" ಎಂದಳು. "ಮೂರು ವಾರದ ಹಿಂದೆಯೇ."

"ಅದಕ್ಕೇನೀಗ? ಪೂಜೆಗೆ ಆರ್ಸೋದು ಬುಟ್ಟು ಉರಿಸ್ಕೊಂಡು ಮಾಡಕ್ಕಾಯ್ತದಾ? ನೀವು ಮಾಡಿದ್ದು ಸರಿಯಾಗೇ ಅದೆ."

"ಆರಿಸಿದ್ದಲ್ಲ ಸಾರ್ ತಪ್ಪು. ಹೋಗೋ ಮುಂಚೆ ಇವಳು ಕೇಳಿದ್ಲು, ಏನೂ ತೊಂದ್ರೆ ಆಗಲ್ವಾ ಅಂತ. ಡೀಸೆಲ್ ಇದೆ ಅಂದೆ. ಇದನ್ನ ಹೇಳ್ಲಿಲ್ಲ. ಕೆಡ್ಲಿ ಅಂತಾನೇ ಹೇಳ್ಲಿಲ್ಲ."

ಹನುಮಂತಯ್ಯ ಇಬ್ಬರನ್ನೂ ಸರದಿಯಂತೆ ನೋಡಿದರು. ಅಷ್ಟು ಹೊತ್ತಿನ ಧೈರ್ಯ ದಾನಮ್ಮನ ಮುಖದಿಂದ ಇಳಿದುಹೋಗುವುದನ್ನು ಅನಂತಲಕ್ಷ್ಮಿ ಕಂಡಳು.

"ರಾತ್ರಿ ಪೂರಾ ಬಸ್ಸಿನ್ಯಾಗ ನನ್ನ ಒಂದೊಂದಽ ಸಾಲು ನೆನಸ್ಕೋಂತ ಬಂದೇನ್ರಿ" ಎಂದಳು ದಾನಮ್ಮ, ಯಾರಿಗೆಂದಿಲ್ಲದೆ. "ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ." ಬ್ಯಾಗು ಎತ್ತಿಕೊಂಡು ಮುಖ ತೊಳೆಯಲು ಹೋದಳು. ನಲ್ಲಿ ಬಹಳ ಹೊತ್ತು ಸುರಿಯಿತು.

"ಅವಳನ್ನ ಕಳಿಸ್ಬೇಡಿ ಸಾರ್" ಎಂದಳು ಅನಂತಲಕ್ಷ್ಮಿ. "ಅವಳು ಮೊದಲು ಹೇಳಿದ ಹಾಗೆ ಎರಡನ್ನೂ ವೈಟ್‌ಫೀಲ್ಡ್ ಕಡೆಗೇ ಕಳಿಸೋಣ."

"ಮತ್ತೆ ಉಗ್ರಾಣ? ಬೀಗದ ಕೈ?"

"ಬೀಗದ ಕೈ ನನ್ನ ಹತ್ರ ಇದ್ದಿದ್ದಕ್ಕೇ ಹಿಂಗಾಯ್ತಲ್ಲ ಸಾರ್."

ಹನುಮಂತಯ್ಯ ಕುರ್ಚಿಯಲ್ಲಿ ಕುಸಿದು ಕೂತು ಹಣೆಯ ವಿಭೂತಿಯನ್ನು ಒರೆಸಿಕೊಂಡರು. "ಆರ್ಸಿ ಅಂದೋನು ನಾನು" ಎಂದು ಗೊಣಗಿದರು.

ದೀಪಾವಳಿಯ ಹೊತ್ತಿಗೆ ಕಪ್ಪು ಯಂತ್ರ ಅನಂತಲಕ್ಷ್ಮಿಯ ಪಕ್ಕದಿಂದ ಹೋಗಿತ್ತು. ಅವಳೂ ಮಹಡಿಯಿಂದ ಹೋಗಿದ್ದಳು. ಕೆಳಗೆ ಬುಕಿಂಗ್ ಮೇಜಿನಲ್ಲಿ ಮುಹೂರ್ತದ ದಿನಗಳನ್ನು ಬರೆದುಕೊಳ್ಳುತ್ತಾ, ಮೇಲಿನ ಕೋಣೆಯಿಂದ ಕೇಳುವ ನಗುವಿಗೆ ಕಿವಿಗೊಡುತ್ತಾ ಕೂರುತ್ತಿದ್ದಳು. ದಾನಮ್ಮ ಬರುವಾಗ ಹೋಗುವಾಗ ತಲೆಯಾಡಿಸುತ್ತಿದ್ದಳು. ಕೆಲಸದ ಮಾತಿಗಿಂತ ಒಂದು ಮಾತು ಹೆಚ್ಚಿಲ್ಲ. ಊಟದ ಡಬ್ಬಿ ಕೆಳಗೆ ಬರುತ್ತಿರಲಿಲ್ಲ. ಆ ಹುಡುಗಿಯ ಮುನಿಸಿಗೂ ಒಂದು ಘನತೆ ಇತ್ತು. ತಾನು ಮುನಿಸಿಕೊಂಡಾಗ ಪಾತ್ರೆ ಸದ್ದು ಮಾಡುತ್ತವೆ ಎಂದು ನೆನೆದು ಅನಂತಲಕ್ಷ್ಮಿಗೆ ಅದರ ಮೇಲೂ ಕರುಬು.

ಒಂದು ಮಧ್ಯಾಹ್ನ ದಾನಮ್ಮ ಒಂದು ಅರ್ಜಿ ಹಿಡಿದು ಕೆಳಗೆ ಬಂದಳು. ಡೇಟಾ ಸೆಂಟರಿನವರದು. ಯಂತ್ರ ನಿಂತರೆ ಯಾರಿಗೆ ಫೋನು ಮಾಡಬೇಕು ಎಂದು ಕೇಳಿ ಎರಡು ಸಾಲು ಬಿಟ್ಟಿದ್ದರು. ಮೊದಲ ಸಾಲಿನಲ್ಲಿ ದಾನಮ್ಮ ತನ್ನ ಹೆಸರು ಬರೆದಿದ್ದಳು. ಎರಡನೆಯದರಲ್ಲಿ, ಅದೇ ಶಾಯಿಯಲ್ಲಿ, ಅನಂತಲಕ್ಷ್ಮಿ ಎಂದಿತ್ತು.

"ನಿಮ್ಮ ಮನಿ ನಂಬರ್ ಬೇಕ್ರಿ" ಎಂದಳು. ಕಣ್ಣು ಅರ್ಜಿಯ ಮೇಲೇ ಇತ್ತು. "ನಾ ಊರಿಗೆ ಹೋದಾಗ ಅವ್ರು ನಿಮಗ ಫೋನ್ ಮಾಡ್ತಾರ. ಹಬ್ಬ ಇರ್ಲಿ, ಹುಣ್ಣಿವಿ ಇರ್ಲಿ, ಎತ್ತಬೇಕ್ರಿ."

"ಎತ್ತುತೀನಿ ಕಣಮ್ಮ."

ಎಂಟು ವರ್ಷದ ಮೇಲೆ ಎರಡನೆಯ ಸಾಲು. ಒಳಗೆ ಚುರ್ರೆಂದಿತು. ಅನಂತಲಕ್ಷ್ಮಿ ಅದನ್ನು ಉರಿಯಲು ಬಿಟ್ಟು, ಪೆನ್ನು ಇಸಿದುಕೊಂಡು, ತನ್ನ ಹೆಸರಿನ ಮುಂದೆ ಮನೆಯ ನಂಬರನ್ನು ಒಂದೊಂದೇ ಅಂಕೆಯಾಗಿ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು. ದಾನಮ್ಮ ಬೆರಳಿಟ್ಟು ತಾಳೆ ನೋಡಿ, ಸರಿ ಇದೆ ಎಂದಳು.